ಮೊದಲು ಪವರ್ ಮೀಟರ್, ಆಮೇಲೆ ಸ್ಪ್ಲೈಸಿಂಗ್ ಮೆಶಿನ್

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ಕನ್ನಡ ಮೀಡಿಯಂನಲ್ಲಿ ಓದಿ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ಈಗ ಊರಿನ ಕೇಬಲ್ ಆಪರೇಟರ್ ಜೊತೆ ಲೈನ್ ಎಳೆಯುವ ಕೆಲಸಕ್ಕೆ ಹೋಗುತ್ತಿದ್ದೇನೆ. ಜಾಯಿಂಟ್ ಮಾಡುವವರು ಬೇರೆ, ಅವರು ಕಾಸರಗೋಡಿನಿಂದ ಬರುತ್ತಾರೆ. 'ಡಿಬಿ ಇಲ್ಲ', 'ಲಾಸ್ ಜಾಸ್ತಿ' ಅಂತ ಅವರು ಮಾತಾಡುವುದು ನನಗೆ ಅರ್ಥವಾಗುವುದಿಲ್ಲ. ಫೈಬರ್ ಕೆಲಸವನ್ನು ಬುಡದಿಂದ ಕಲಿಯಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ? ಕೋರ್ಸ್ ಬೇಕಾ? ಸಾಲ ಮಾಡಿ ಫೈಬರ್ ಬೆಸೆಯುವ ಒಂದು ಸ್ಪ್ಲೈಸಿಂಗ್ ಮೆಶಿನ್ ತೆಗೆದುಕೊಂಡರೆ ಹೇಗೆ? ಮಳೆಗಾಲದಲ್ಲಿ ಮೋಡೆಮ್‌ಗೆ ಕೆಂಪು ಲೈಟ್ ಬಂದರೆ ಮೊದಲು ಏನು ನೋಡಬೇಕು?

ಉತ್ತರ: ಸಾಲ ಮಾಡಬೇಡಿ. ಈಗಂತೂ ಬೇಡ. ಸ್ಪ್ಲೈಸಿಂಗ್ ಮೆಶಿನ್ ಅಂದರೆ ಲಕ್ಷದ ಆಸುಪಾಸಿನ ಮಾತು, ಜಪಾನ್ ಕಂಪನಿಯದ್ದಾದರೆ ಇನ್ನೂ ಮೇಲೆ. ಅದು ಕೈಯಲ್ಲಿದ್ದ ಮಾತ್ರಕ್ಕೆ ಕೆಲಸ ಬಂದಂತಾಗುವುದಿಲ್ಲ. ಈಗಿನ ಮೆಶಿನ್‌ಗಳಲ್ಲಿ ಬೆಸೆಯುವ ಭಾಗಕ್ಕೆ ನಮ್ಮ ಕೈಚಳಕ ಏನೂ ಬೇಡ. ಎರಡು ತುದಿ ಇಟ್ಟು ಮುಚ್ಚಳ ಹಾಕಿದರೆ ಅದೇ ನೇರ ಮಾಡಿಕೊಂಡು, ಕಿಡಿ ಹಾರಿಸಿ, ಅಂಟಿಸಿ ಬಿಡುತ್ತದೆ. ಕೆಲಸ ಇರುವುದು ಅದಕ್ಕಿಂತ ಮೊದಲು ಮತ್ತು ಆಮೇಲೆ. ಮೊದಲು ಗಾಜಿನ ತುದಿಯನ್ನು ಸರಿಯಾಗಿ ತಯಾರು ಮಾಡಬೇಕು. ಆಮೇಲೆ ಬೆಳಕು ಎಷ್ಟು ಬಂತು ಅಂತ ಅಳೆದು, ಬರದಿದ್ದರೆ ಎಲ್ಲಿ ಹೋಯಿತು ಅಂತ ಹುಡುಕಬೇಕು. ಈ ಅಳೆಯುವ ಕೆಲಸ ಬಂದವನಿಗೆ ಮೆಶಿನ್ ಹಿಡಿಯುವುದು ಕೆಲವೇ ದಿನದ ಕಲಿಕೆ. ಮೆಶಿನ್ ಮಾತ್ರ ಬರುವವನು ಕೆಂಪು ಲೈಟ್ ಕಂಡಾಗಲೆಲ್ಲ ಸರಿ ಇದ್ದ ಜಾಯಿಂಟನ್ನೇ ಕತ್ತರಿಸಿ ಹೊಸದು ಮಾಡುತ್ತಾನೆ. ನಮ್ಮ ಕಡೆ ಇಂಥವರು ಬೇಕಾದಷ್ಟು ಜನ ಇದ್ದಾರೆ.

ಕನ್ನಡ ಮೀಡಿಯಂ ಅಂತ ಹೆದರಬೇಡಿ. ಈ ಕೆಲಸದ ಪದಗಳು ಎಲ್ಲರಿಗೂ ಇಂಗ್ಲಿಷಿನವೇ. ಮಲಯಾಳ ಮಾತಾಡುವವರು, ತುಳು ಮಾತಾಡುವವರು, ನಾವು, ಎಲ್ಲ ಹೇಳುವುದು ಸ್ಪ್ಲಿಟರ್, ಲಾಸ್, ಕೋರ್ ಅಂತಲೇ. ಒಂದು ತಿಂಗಳು ಕೆಲಸಕ್ಕೆ ಹೋದರೆ ಬಾಯಿಗೆ ಬರುತ್ತದೆ.

ನೀವು ದಿನಾ ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲ್‌ನ ಒಂದು ತುಂಡು ತೆಗೆದುಕೊಂಡು ಮನೆಯಲ್ಲಿ ಕೂತು ಬಿಚ್ಚಿ ನೋಡಿ. ಹೊರಗೆ ಕಪ್ಪು ಜಾಕೆಟ್. ಬದಿಯಲ್ಲಿ ತೂಕ ಹೊರುವ ಕಬ್ಬಿಣದ ತಂತಿ ಅಥವಾ ಫೈಬರ್‌ಗ್ಲಾಸ್ ಕಡ್ಡಿ. ನಡುವೆ ಬಣ್ಣದ ಒಂದು ಎಳೆ. ಆ ಎಳೆಯ ದಪ್ಪ 250 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಕಾಲು ಭಾಗ. ಅದರ ಮೇಲಿನ ಪ್ಲಾಸ್ಟಿಕ್ ಪದರ ತೆಗೆದರೆ ಸಿಗುವುದು 125 ಮೈಕ್ರಾನ್ ಗಾಜು. ಆ ಗಾಜಿನ ನಟ್ಟನಡುವೆ ಸುಮಾರು 9 ಮೈಕ್ರಾನ್‌ನ ಕೋರ್. ಬೆಳಕು ಹೋಗುವುದು ಅದರಲ್ಲಿ. ಕೋರ್ ಕೂಡ ಗಾಜು, ಸುತ್ತಲಿನ ಕ್ಲಾಡಿಂಗ್ ಕೂಡ ಗಾಜು. ಕೋರ್‌ನ ವಕ್ರೀಭವನ ಸೂಚ್ಯಂಕ ಸ್ವಲ್ಪವೇ ಸ್ವಲ್ಪ ಜಾಸ್ತಿ ಇರುತ್ತದೆ. ಅಷ್ಟರಿಂದಲೇ ಬೆಳಕು ಹೊರಗೆ ಬಾರದೆ ಒಳಗೇ ಪ್ರತಿಫಲಿಸಿಕೊಂಡು ಹೋಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಈ 9 ಮೈಕ್ರಾನ್ ಅನ್ನುವ ಅಂಕಿ ತಲೆಯಲ್ಲಿ ಇರಲಿ. ಕಣ್ಣಿಗೆ ಕಾಣದ ಒಂದು ಧೂಳಿನ ಕಣವೂ ಅಷ್ಟೇ ಗಾತ್ರ ಇರಬಹುದು. ಕನೆಕ್ಟರ್ ಬಾಯಿಗೆ ಅದು ಕೂತರೆ ದಾರಿಯೇ ಮುಚ್ಚಿದಂತೆ.

ಇನ್ನೊಂದು ಮಾತು ಈಗಲೇ ಹೇಳುತ್ತೇನೆ. ಲೈನಿನಲ್ಲಿ ಓಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಜಿಪಾನ್ ಅಂದರೆ ಒಂದೇ ಫೈಬರ್‌ನಿಂದ ಹಲವು ಮನೆಗೆ ಇಂಟರ್‌ನೆಟ್ ಹಂಚುವ ಪದ್ಧತಿ. ಅದರಲ್ಲಿ ಆಫೀಸಿನಿಂದ ಬರುವುದು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಕೇಬಲ್ ಟಿವಿಯೂ ಅದೇ ಎಳೆಯಲ್ಲಿ ಬಂದರೆ ಅದು 1550. ಮೂರೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದರಲ್ಲೂ ಟಿವಿಯ 1550 ಆಂಪ್ಲಿಫೈಯರ್‌ನಿಂದ ಹೊರಡುವ ಕಡೆ ಬಹಳ ಜೋರಾಗಿರುತ್ತದೆ. 'ಬೆಳಕು ಬರ್ತಾ ಇದ್ಯಾ' ಅಂತ ಕನೆಕ್ಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡುವ ಚಾಳಿ ಯಾವತ್ತೂ ಬೇಡ. ಹಾಗೆಯೇ ಕತ್ತರಿಸಿದ ಗಾಜಿನ ಚೂರು. ನೆಲಕ್ಕೆ ಬಿದ್ದರೆ ಕಾಣುವುದಿಲ್ಲ, ಕಾಲಿಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಮುಚ್ಚಳ ಇರುವ ಒಂದು ಡಬ್ಬಿ ಇಟ್ಟುಕೊಂಡು ಚೂರನ್ನೆಲ್ಲ ಅದಕ್ಕೇ ಹಾಕಿ. ಗಿರಾಕಿಯ ಮನೆಯಲ್ಲಿ ಚಾ ಕೊಟ್ಟರೆ ಕೈ ತೊಳೆದೇ ಕುಡಿಯಿರಿ.

ಈಗ ಡಿಬಿ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಬೆಳಕು ಎಷ್ಟು ಪಾಲು ಕಡಿಮೆಯಾಯಿತು ಅಂತ ಹೇಳುವ ಲೆಕ್ಕ ಡಿಬಿ. 3 ಡಿಬಿ ಹೋಯಿತು ಅಂದರೆ ಅರ್ಧ ಹೋಯಿತು. 10 ಡಿಬಿ ಹೋಯಿತು ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. 20 ಡಿಬಿ ಅಂದರೆ ನೂರರಲ್ಲಿ ಒಂದು ಪಾಲು. ಇಷ್ಟು ಗೊತ್ತಿದ್ದರೆ ಉಳಿದದ್ದು ಬರೀ ಕೂಡುವುದು, ಕಳೆಯುವುದು. ಗುಣಾಕಾರ, ಭಾಗಾಕಾರ ತಪ್ಪಿಸುವುದಕ್ಕೇ ಈ ಲೆಕ್ಕ ಇರುವುದು. ಡಿಬಿಎಂ ಅನ್ನುವುದು ಬೇರೆ. ಅದು ಪಾಲಲ್ಲ, ನಿಜವಾದ ಪವರ್. 0 ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಮೈನಸ್ 10 ಅಂದರೆ ಅದರ ಹತ್ತನೇ ಒಂದು ಪಾಲು. ಮೈನಸ್ 20 ಅಂದರೆ ನೂರನೇ ಒಂದು ಪಾಲು. ಮೀಟರ್ ತೋರಿಸುವುದು ಡಿಬಿಎಂ, ದಾರಿಯಲ್ಲಿ ಕಳೆದುಹೋಗುವುದು ಡಿಬಿ. ಇವೆರಡನ್ನು ಕಲಸಿಕೊಂಡು ಮಾತಾಡುವವರು ಇದ್ದಾರೆ. ನೀವು ಬೇರೆ ಬೇರೆ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದು ಲೆಕ್ಕ. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕಮ್ ಅನ್ನುವ ಇಬ್ಬರು ಒಂದು ಪ್ರಬಂಧ ಬರೆದರು. ಗಾಜಿನ ಲಾಸ್ ಕಿಲೋಮೀಟರಿಗೆ 20 ಡಿಬಿಗೆ ಇಳಿದರೆ ಅದರಲ್ಲಿ ಫೋನ್ ಮಾತು ಕಳಿಸಬಹುದು ಅಂತ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದಕ್ಕಿಂತ ಕಡಿಮೆ ಲಾಸ್ ಇರುವ ಫೈಬರ್ ಮಾಡಿ ತೋರಿಸಿತು. ಕಾವೋಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಈಗ ನೀವು ಎಳೆಯುವ ಮಾಮೂಲಿ ಸಿಂಗಲ್ ಮೋಡ್ ಫೈಬರ್‌ನಲ್ಲಿ 1550ರ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.2 ಡಿಬಿ ಲಾಸ್. ಅಂದರೆ ಅವತ್ತಿನ ಗುರಿಯಲ್ಲಿ ಒಂದು ಕಿ.ಮೀ. ಹೋದ ಮೇಲೆ ನೂರರಲ್ಲಿ ಒಂದು ಪಾಲು ಉಳಿಯುತ್ತಿತ್ತು. ಇವತ್ತು ಸುಮಾರು 95 ಪಾಲು ಉಳಿಯುತ್ತದೆ. ಈ ಎರಡು ಉತ್ತರ ಹೇಗೆ ಬಂತು ಅಂತ ಕಾಗದದ ಮೇಲೆ ಮಾಡಿ ನೋಡಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಇನ್ನು ನಿಮ್ಮ ಊರಿನ ಲೆಕ್ಕ. ಆಪರೇಟರ್ ಆಫೀಸಿನಲ್ಲಿ ಎಲ್ಲ ಮನೆಗಳಿಗೆ ಬೆಳಕು ಕಳಿಸುವ ಓಎಲ್‌ಟಿ ಅಂತ ಒಂದು ಪೆಟ್ಟಿಗೆ ಇದೆ, ಅಲ್ವಾ? ಅದರ ಪೋರ್ಟಿನಿಂದ ಹೊರಡುವ ಪವರ್ ಪ್ಲಸ್ 4 ಡಿಬಿಎಂ ಅಂತ ಇಟ್ಟುಕೊಳ್ಳಿ. ಗಿರಾಕಿಯ ಮನೆಗೆ ಫೈಬರ್ ದಾರಿ 6 ಕಿ.ಮೀ. 1490ಕ್ಕೆ ಕಿಲೋಮೀಟರಿಗೆ 0.25ರಂತೆ ಹಿಡಿದರೆ 1.5 ಡಿಬಿ ಹೋಯಿತು. ನಡುವೆ ನಾಲ್ಕು ದಾರಿಯ ಒಂದು ಸ್ಪ್ಲಿಟರ್, ಅಂದರೆ ಬೆಳಕನ್ನು ನಾಲ್ಕು ಸಮಪಾಲು ಮಾಡುವ ಸಾಧನ, ಅದಕ್ಕೆ 7 ಡಿಬಿ. ಮುಂದೆ ಎಂಟು ದಾರಿಯದ್ದು ಇನ್ನೊಂದು, ಅದಕ್ಕೆ 10.5. ಆರು ಜಾಯಿಂಟ್, ಒಂದಕ್ಕೆ 0.1ರಂತೆ 0.6. ನಾಲ್ಕು ಕನೆಕ್ಟರ್, ಒಂದಕ್ಕೆ 0.4ರಂತೆ 1.6. ಎಲ್ಲ ಕೂಡಿದರೆ 21.2. ನಾಲ್ಕರಿಂದ ಅದನ್ನು ಕಳೆದರೆ ಮೈನಸ್ 17.2 ಡಿಬಿಎಂ. ಮನೆಯಲ್ಲಿ ಮೀಟರ್ ಇಟ್ಟಾಗ ಇದರ ಆಸುಪಾಸು ಬರಬೇಕು.

ಈ ಲೆಕ್ಕದಲ್ಲಿ ಒಂದು ಸಂಗತಿ ನೋಡಿ. 6 ಕಿ.ಮೀ. ದೂರ ತಿಂದದ್ದು ಬರೀ ಒಂದೂವರೆ ಡಿಬಿ. ಎರಡು ಸ್ಪ್ಲಿಟರ್ ಹದಿನೇಳೂವರೆ ತಿಂದಿವೆ. 'ನಿಮ್ಮ ಮನೆ ದೂರ, ಅದಕ್ಕೇ ಸಿಗ್ನಲ್ ಇಲ್ಲ' ಅಂತ ಗಿರಾಕಿಗೆ ಹೇಳುವುದು ಸಾಮಾನ್ಯವಾಗಿ ಸುಮ್ನೆ ನೆಪ.

ಮನೆಯ ಮೋಡೆಮ್‌ಗೆ, ಅಂದರೆ ಓಎನ್‌ಯುಗೆ, ಮಾಮೂಲಿ ಬಿ-ಪ್ಲಸ್ ದರ್ಜೆಯ ಜಿಪಾನ್ ಆದರೆ, ಮೈನಸ್ 27 ಡಿಬಿಎಂ ತನಕ ಬೆಳಕು ಸಾಕು. ಅಂದರೆ ಎರಡು ಮೈಕ್ರೋವ್ಯಾಟ್. ಅದಕ್ಕಿಂತ ಕೆಳಗೆ ಹೋದರೆ ಕೆಂಪು ಲೈಟ್. ಹಾಗಂತ ಮೈನಸ್ 26ಕ್ಕೆ ನಿಲ್ಲಿಸಿ ಮನೆಗೆ ಹೋಗಬಾರದು. ಒಂದು ಮಳೆಗಾಲ, ಒಂದು ಸಡಿಲ ಕನೆಕ್ಟರ್, ಮುಗಿಯಿತು. 3 ಡಿಬಿ ಆದರೂ ಕೈಯಲ್ಲಿ ಇರಬೇಕು. ನಾನಾದರೆ ಮೈನಸ್ 24 ದಾಟಿದ ಮನೆಯನ್ನು ಸರಿ ಅಂತ ಒಪ್ಪುವುದಿಲ್ಲ. ಜಾಸ್ತಿಯಾದರೂ ತೊಂದರೆ ಇದೆ, ಮೈನಸ್ 8ಕ್ಕಿಂತ ಜೋರು ಬೆಳಕು ಅದಕ್ಕೆ ಆಗುವುದಿಲ್ಲ. ಸ್ಪ್ಲಿಟರ್ ಇಲ್ಲದೆ ಓಎಲ್‌ಟಿಗೆ ನೇರ ಜೋಡಿಸಿ ಟೆಸ್ಟ್ ಮಾಡಬೇಡಿ.

ಲೆಕ್ಕ ಮೈನಸ್ 17 ಹೇಳುತ್ತದೆ, ಮೀಟರ್ ಮೈನಸ್ 25 ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. 8 ಡಿಬಿ ಎಲ್ಲೋ ಸೋರಿದೆ. ಈಗ ಓಎಲ್‌ಟಿ ಕಡೆಯಿಂದ ಒಂದೊಂದೇ ಪೆಟ್ಟಿಗೆ ತೆರೆದು ಅಳೆಯುತ್ತಾ ಬನ್ನಿ. ಮೊದಲ ಸ್ಪ್ಲಿಟರ್ ಆದ ಮೇಲೆ ಎಷ್ಟಿರಬೇಕು, ಎಷ್ಟಿದೆ. ಎರಡನೆಯದರ ನಂತರ ಎಷ್ಟಿರಬೇಕು, ಎಷ್ಟಿದೆ. ಲೆಕ್ಕಕ್ಕೂ ಮೀಟರಿಗೂ ಎಲ್ಲಿ ತಪ್ಪಿತೋ ತೊಂದರೆ ಅದಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಕಾಸರಗೋಡಿನಿಂದ ಬರುವವರು 'ಡಿಬಿ ಇಲ್ಲ' ಅನ್ನುವುದು ಇದೇ ಲೆಕ್ಕ ತಪ್ಪಿದಾಗ.

ನಮ್ಮ ಕಡೆ ಸ್ಪ್ಲಿಟರ್ ಬದಲು ಕಪ್ಲರ್ ಹಾಕಿದ ಲೈನ್‌ಗಳೂ ಜಾಸ್ತಿ. ರಸ್ತೆ ಬದಿ ಉದ್ದಕ್ಕೆ ಹೋಗುವ ಲೈನ್, ಅಲ್ಲೊಂದು ಇಲ್ಲೊಂದು ನಾಲ್ಕು ಮನೆ. ಅಲ್ಲಿ 10-90, 20-80 ಅಂತ ಬೆಳಕನ್ನು ಪಾಲು ಮಾಡುತ್ತಾರೆ. ತೋಟದಲ್ಲಿ ಮೇನ್ ಪೈಪಿಗೆ ಗೇಟ್‌ವಾಲ್ವ್ ಹಾಕಿ ಒಂದೊಂದು ಸಾಲಿಗೆ ಬೇಕಾದಷ್ಟೇ ನೀರು ಬಿಡುತ್ತೀರಲ್ಲ, ಅದೇ ಕ್ರಮ. ಕಪ್ಲರಿನಿಂದ ಹೊರಡುವ ಎರಡು ಎಳೆಗೆ ಕಾಲು ಅನ್ನುತ್ತಾರೆ. 10 ಪಾಲಿನ ಕಾಲಿನಲ್ಲಿ ಹತ್ತೂಚಿಲ್ಲರೆ ಡಿಬಿ ಲಾಸ್. 90ರ ಕಾಲಿನಲ್ಲಿ ಅರ್ಧ ಡಿಬಿಯಿಂದ ಸ್ವಲ್ಪ ಮೇಲೆ. ಎರಡು ಕಾಲು ಅದಲುಬದಲಾದರೆ ಮುಂದಿನ ಊರಿಗೆ ಊರೇ ಕತ್ತಲು. ಕಾಲಿನ ಮೇಲೆ ಬರೆದದ್ದನ್ನು ನಂಬುವುದಕ್ಕಿಂತ ಅಳೆದು ನೋಡಿ ಜೋಡಿಸುವುದು ವಾಸಿ.

ಇದನ್ನೆಲ್ಲ ಕಲಿಯಲು ನಯಾಪೈಸೆ ಖರ್ಚಿಲ್ಲದ ದಾರಿಯೊಂದಿದೆ. ನಿಮ್ಮ ಮನೆಯಲ್ಲೇ ಫೈಬರ್ ಇಂಟರ್‌ನೆಟ್ ಇದ್ದರೆ, ಬ್ರೌಸರ್‌ನಲ್ಲಿ 192.168.1.1 ಹಾಕಿ ಮೋಡೆಮ್ ಒಳಗೆ ಹೋಗಿ. ಕೆಲವದರಲ್ಲಿ ನಂಬರ್ ಬೇರೆ ಇರುತ್ತದೆ, ಪೆಟ್ಟಿಗೆಯ ಹಿಂದೆ ಬರೆದಿರುತ್ತಾರೆ. ಸ್ಟೇಟಸ್ ಪುಟದಲ್ಲಿ ಪಾನ್ ಅಥವಾ ಆಪ್ಟಿಕಲ್ ಅಂತ ಒಂದು ಜಾಗ ಇದೆ. ಅಲ್ಲಿ ಆರ್‌ಎಕ್ಸ್ ಪವರ್ ಕಾಣುತ್ತದೆ. ಅದು ಮೋಡೆಮ್‌ಗೆ ಬರುತ್ತಿರುವ ಬೆಳಕು. ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಈಗ ಗೋಡೆ ಪೆಟ್ಟಿಗೆಯಿಂದ ಮೋಡೆಮ್‌ಗೆ ಬರುವ ಪ್ಯಾಚ್ ಕಾರ್ಡನ್ನು ಒಂದು ಪೆನ್ಸಿಲಿಗೆ ಎರಡು ಸುತ್ತು ಮೆಲ್ಲಗೆ ಸುತ್ತಿ. ಪುಟ ರಿಫ್ರೆಶ್ ಮಾಡಿ. ಹಳೆಯ ಬಗೆಯ ಜಿ.652 ಫೈಬರ್ ಆದರೆ ಪವರ್ ದಡಕ್ಕನೆ ಬೀಳುತ್ತದೆ, ನೆಟ್ ಹೋಗಲೂಬಹುದು. ಬಾಗಿದರೂ ತಡೆದುಕೊಳ್ಳುವ ಜಿ.657ಎ2 ಆದರೆ ಅಷ್ಟೊಂದು ಬೀಳುವುದಿಲ್ಲ. ಜಿ.652ಕ್ಕೆ ಬಾಗು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿ ಆಗಬಾರದು, 657ಎ1ಕ್ಕೆ 10, ಎ2ಕ್ಕೆ ಏಳೂವರೆ. ಪೆನ್ಸಿಲ್ ಅದಕ್ಕಿಂತಲೂ ಸಣ್ಣದು. ಹಾಗಾಗಿ ಪರೀಕ್ಷೆ ಆದ ತಕ್ಷಣ ಬಿಚ್ಚಿಬಿಡಿ. ಕಂಬದ ಮೇಲೆ ಡ್ರಾಪ್ ಕೇಬಲನ್ನು ಚಿಕ್ಕ ಸುರುಳಿ ಮಾಡಿ ಟೈ ಬಿಗಿದು ಬರುವ ಹುಡುಗರಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಮತ್ತೆ ಹೇಳಬೇಕಾಗಿಲ್ಲ.

ಆಮೇಲೆ ಒಂದು ಪವರ್ ಮೀಟರ್ ಕೊಂಡುಕೊಳ್ಳಿ. ಎಳೆಯೊಳಗೆ ಕಣ್ಣಿಗೆ ಕಾಣುವ ಕೆಂಪು ಬೆಳಕು ಬಿಡುವ ವಿಎಫ್‌ಎಲ್ ಜೊತೆಗೇ ಇರುವ ಚಿಕ್ಕ ಮೀಟರ್ ಕೆಲವು ಸಾವಿರದೊಳಗೆ ಸಿಗುತ್ತದೆ. ಮನೆಯ ಲೈನ್ ಅಳೆಯುವಾಗ ಅದನ್ನು 1490ಕ್ಕೆ ಇಟ್ಟುಕೊಳ್ಳಲು ಮರೆಯಬೇಡಿ. ಓಎನ್‌ಯು ಕಡೆಯಿಂದ ಹೊರಡುವ 1310 ಅಳೆಯಲು ಹೋದರೆ ಏನೂ ತೋರಿಸುವುದಿಲ್ಲ. ಯಾಕೆಂದರೆ ಓಎಲ್‌ಟಿ ಸರದಿ ಕೊಟ್ಟಾಗ ಮಾತ್ರ ಓಎನ್‌ಯು ಬೆಳಕು ಕಳಿಸುತ್ತದೆ. ಇದು ಗೊತ್ತಿಲ್ಲದೆ ಸರಿ ಇದ್ದ ಮೋಡೆಮ್ ಬದಲಾಯಿಸುವವರಿದ್ದಾರೆ. ವಿಎಫ್‌ಎಲ್‌ನ ಕೆಂಪು ಬೆಳಕು ಪೆಟ್ಟಿಗೆಯೊಳಗೆ ಮುರಿದ ಎಳೆ ಹುಡುಕಲು, ಯಾವ ಎಳೆ ಎಲ್ಲಿಗೆ ಬಂತು ಅಂತ ನೋಡಲು ಒಳ್ಳೆಯದು. ಕಪ್ಪು ಜಾಕೆಟ್ ಒಳಗಿನ ಮುರಿತ ಅದರಲ್ಲಿ ಕಾಣುವುದಿಲ್ಲ. ಸ್ಪ್ಲಿಟರ್ ದಾಟಿಸಿ ಹುಡುಕಲೂ ಅದು ಆಗುವುದಿಲ್ಲ.

ಕನೆಕ್ಟರ್ ವಿಷಯ ಬೇಗ ಮುಗಿಸುತ್ತೇನೆ. ಹಸಿರು ಎಪಿಸಿ, ನೀಲಿ ಯುಪಿಸಿ. ಹಸಿರಿನ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ, ಬೆಳಕು ಹಿಂದಕ್ಕೆ ಪ್ರತಿಫಲಿಸದ ಹಾಗೆ. ಹಸಿರಿಗೆ ನೀಲಿ ಜೋಡಿಸಬಾರದು. ಎರಡೂ ಒಂದೇ ಅಡಾಪ್ಟರಿನಲ್ಲಿ ಹಿಡಿಸುತ್ತವೆ, ಅದೇ ತೊಂದರೆ. ನಡುವೆ ಗಾಳಿ ಉಳಿದು ಲಾಸ್ ಏರುತ್ತದೆ, ತುದಿಯೂ ಹಾಳಾಗುತ್ತದೆ. ಜೋಡಿಸುವ ಮೊದಲು ಪ್ರತಿ ಸಲ ಒರೆಸಿ, ಹೊಸದು ಕವರಿನಿಂದ ತೆಗೆದದ್ದಾದರೂ ಸರಿ. ಅಂಗಿಯ ತುದಿಯಿಂದ ಅಲ್ಲ. ನೂಲು ಬಿಡದ ಟಿಶ್ಯೂ ಮತ್ತು 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗೆ ಹಾಕುವ ಸ್ಯಾನಿಟೈಸರ್ ಬಳಸುವವರನ್ನು ನೋಡಿದ್ದೇನೆ. ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ, ಒಣಗಿದ ಮೇಲೆ ಕಲೆ ಉಳಿಯುತ್ತದೆ.

ಈಗ ಜಾಯಿಂಟ್. ನಿಮ್ಮ ಆಪರೇಟರ್ ಹತ್ತಿರ ಗುಜರಿಗೆ ಹೋಗುವ ಕೇಬಲ್ ತುಂಡು ಬೇಕಾದಷ್ಟು ಇರುತ್ತದೆ. ಕೇಳಿ ತನ್ನಿ. ಪದರ ಸುಲಿಯುವ ಒಂದು ಸ್ಟ್ರಿಪ್ಪರ್, ಗಾಜನ್ನು ನೇರವಾಗಿ ಮುರಿಯುವ ಒಂದು ಕ್ಲೀವರ್ ಇದ್ದರೆ ಮೆಶಿನ್ ಇಲ್ಲದೆಯೇ ಮುಕ್ಕಾಲು ಕೆಲಸ ಮನೆಯಲ್ಲಿ ಕಲಿಯಬಹುದು.

ಮೊಟ್ಟಮೊದಲು ಎಳೆಗೆ ಸ್ಲೀವ್, ಅಂದರೆ ಜಾಯಿಂಟನ್ನು ಕಾಪಾಡುವ ಕೊಳವೆ, ತೂರಿಸಿ. ಬೆಸೆದಾದ ಮೇಲೆ ಸ್ಲೀವ್ ಹಾಕಲು ದಾರಿಯಿಲ್ಲ, ಕತ್ತರಿಸಿ ಮತ್ತೆ ಶುರು ಮಾಡಬೇಕು. ಆಮೇಲೆ ಸ್ಟ್ರಿಪ್ಪರಿನ ಸಣ್ಣ ತೂತಿಗೆ ಎಳೆ ಕೂರಿಸಿ, ಸ್ವಲ್ಪ ಓರೆ ಹಿಡಿದು, ಮೂರು ನಾಲ್ಕು ಸೆಂಟಿಮೀಟರ್ ಪ್ಲಾಸ್ಟಿಕ್ ಪದರವನ್ನು ಒಂದೇ ಎಳೆತಕ್ಕೆ ತೆಗೆಯಿರಿ. ಎರಡು ಮೂರು ಸಲ ಕೆರೆದರೆ ಗಾಜಿಗೆ ಗೀರು ಬೀಳುತ್ತದೆ. ಆ ಗೀರು ಇವತ್ತು ಕಾಣುವುದಿಲ್ಲ, ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಬರಿಯ ಗಾಜನ್ನು ಆಲ್ಕೊಹಾಲ್ ಹಾಕಿದ ಟಿಶ್ಯೂನಿಂದ ಒರೆಸಿ. ಸರಿಯಾಗಿ ಚೊಕ್ಕ ಆದರೆ ಒರೆಸುವಾಗ ಕಿರ್ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಬಂದ ಮೇಲೆ ಗಾಜನ್ನು ಮುಟ್ಟಬಾರದು, ಎಲ್ಲಿಯೂ ಇಡಬಾರದು. ನೇರ ಕ್ಲೀವರಿಗೆ.

ಕ್ಲೀವರ್ ಗಾಜನ್ನು ಕತ್ತರಿಸುವುದಿಲ್ಲ. ಒಂದು ಗೀರು ಹಾಕಿ, ಒತ್ತಿ, ಮುರಿಯುತ್ತದೆ. ಮುರಿದ ಮುಖ ಕನ್ನಡಿಯಷ್ಟು ಸಪಾಟಾಗಿ, ಎಳೆಗೆ ನೇರ ಅಡ್ಡಕ್ಕೆ ಇರಬೇಕು. ಒಂದು ಡಿಗ್ರಿಗಿಂತ ಜಾಸ್ತಿ ಓರೆ ಆಗಬಾರದು. ಜಾಯಿಂಟ್ ಮಾಡುವವರು ಬಂದಾಗ ಮೆಶಿನ್‌ನ ಸ್ಕ್ರೀನ್ ನೋಡಿ. ಬೆಸೆಯುವ ಮೊದಲು ಎರಡು ತುದಿಯನ್ನು ದೊಡ್ಡದಾಗಿ ತೋರಿಸಿ, ಪಕ್ಕದಲ್ಲಿ ಡಿಗ್ರಿ ಬರೆದಿರುತ್ತದೆ. ತುದಿಯಲ್ಲಿ ಮೊನೆ ಉಳಿದಿದೆಯಾ, ಅಂಚು ಕಿತ್ತಿದೆಯಾ ಅಂತ ಅಲ್ಲೇ ಕಾಣುತ್ತದೆ. ಒಂದೇ ಸಮನೆ ಕೆಟ್ಟ ಕ್ಲೀವ್ ಬರುತ್ತಿದ್ದರೆ ಮೆಶಿನ್ ಬೈದು ಪ್ರಯೋಜನವಿಲ್ಲ. ಕ್ಲೀವರಿನ ಬ್ಲೇಡ್ ಚಕ್ರದ ಆ ಅಂಚು ಸವೆದಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ 16 ಅಂಚು ಗುರುತು ಹಾಕಿರುತ್ತಾರೆ, ಒಂದು ಮುಂದಕ್ಕೆ ತಿರುಗಿಸಿದರೆ ಸರಿ. ನನ್ನ ಅನುಭವದಲ್ಲಿ ಕೆಟ್ಟ ಜಾಯಿಂಟ್‌ಗಳ ಮೂಲ ಹೆಚ್ಚಾಗಿ ಕ್ಲೀವರ್ ಮತ್ತು ಕೊಳೆ. ಮೆಶಿನ್ ಬಹಳ ಅಪರೂಪ.

ಬೆಸೆದ ಮೇಲೆ ಮೆಶಿನ್ 0.01, 0.02 ಡಿಬಿ ಅಂತ ತೋರಿಸುತ್ತದೆ. ಅದು ಅಳತೆಯಲ್ಲ, ಚಿತ್ರ ನೋಡಿ ಮಾಡಿದ ಅಂದಾಜು. ನಿಜವಾದ ಲಾಸ್ ತಿಳಿಯುವುದು ಒಟಿಡಿಆರ್ ಅನ್ನುವ ಅಳತೆ ಯಂತ್ರದಿಂದ (ಅದರ ವಿಷಯ ಮುಂದೆ ಹೇಳುತ್ತೇನೆ), ಅದೂ ಎರಡೂ ಕಡೆಯಿಂದ ನೋಡಿ ಸರಾಸರಿ ತೆಗೆದಾಗ. ಜಿ.652ಕ್ಕೆ ಜಿ.657 ಬೆಸೆದಿದ್ದರೆ ಒಂದು ಕಡೆಯಿಂದ ನೋಡುವಾಗ ಬೆಳಕು ಜಾಸ್ತಿಯಾದ ಹಾಗೆ ಕಾಣುವುದೂ ಉಂಟು! ಗಾಬರಿಯಾಗಬೇಡಿ, ಬೆಳಕು ಹುಟ್ಟಿದ್ದಲ್ಲ. ಎರಡು ಫೈಬರ್ ಹಿಂದಕ್ಕೆ ಚೆದುರಿಸುವ ಬೆಳಕಿನ ಪ್ರಮಾಣ ಬೇರೆ, ಅಷ್ಟೆ. ಜೂನ್ ತಿಂಗಳಿನಲ್ಲಿ ನಮ್ಮ ಕಡೆಯ ಗಾಳಿಯಲ್ಲೇ ನೀರು ಇರುತ್ತದೆ, ಅದು ಕಿಡಿಯ ಮೇಲೆ ಪರಿಣಾಮ ಮಾಡುತ್ತದೆ. ಮಳೆಗಾಲದಲ್ಲಿ ಕೆಲಸ ಶುರು ಮಾಡುವ ಮೊದಲು ಆರ್ಕ್ ಕ್ಯಾಲಿಬ್ರೇಶನ್, ಅಂದರೆ ಕಿಡಿಯನ್ನು ಹದಕ್ಕೆ ತರುವುದು, ಮಾಡಿಸಿಕೊಳ್ಳಿ, ಮೆಶಿನ್ ಮೆನುವಿನಲ್ಲಿ ಇರುತ್ತದೆ. ದೊಡ್ಡ ಕೇಬಲ್‌ನ ಜೆಲ್ ಒರೆಸಲು ಸೀಮೆಎಣ್ಣೆ, ಪೆಟ್ರೋಲ್ ಬೇಡ.

ಹಾಂ, ಫಾಸ್ಟ್ ಕನೆಕ್ಟರ್. ಬೆಸೆಯದೆ ಒತ್ತಿ ಕೂರಿಸುವುದು. ಅಗ್ಗ, ಬೇಗ ಆಗುತ್ತದೆ. ಬಿಸಿಲು ಬೀಳುವ, ತೇವ ಇರುವ ಜಾಗದಲ್ಲಿ ಸ್ವಲ್ಪ ದಿನಕ್ಕೆ ಲಾಸ್ ಏರುವುದು ಮಾಮೂಲು. ಮನೆಯೊಳಗೆ ತಾತ್ಕಾಲಿಕಕ್ಕೆ ಸರಿ. ಕಂಬದ ಪೆಟ್ಟಿಗೆಯಲ್ಲಿ ಪಿಗ್‌ಟೇಲ್, ಅಂದರೆ ಒಂದು ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು, ಬೆಸೆಯುವುದೇ ಒಳ್ಳೆಯದು.

ಬಣ್ಣದ ಸಾಲು ಬಾಯಿಪಾಠ ಮಾಡಿ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಆಕ್ವಾ. ಹನ್ನೆರಡು ಎಳೆಗೆ ಹನ್ನೆರಡು ಬಣ್ಣ. ದೊಡ್ಡ ಕೇಬಲ್‌ನೊಳಗೆ ಎಳೆಗಳ ಕಟ್ಟನ್ನು ಹಿಡಿದಿಡುವ ಟ್ಯೂಬ್‌ಗಳಿಗೂ ಇದೇ ಸಾಲು. ರಾತ್ರಿ ಟಾರ್ಚ್ ಬೆಳಕಿನಲ್ಲಿ ಬೂದು ಬಿಳಿಯಾಗಿ, ಕಿತ್ತಳೆ ಕೆಂಪಾಗಿ ಕಾಣುತ್ತದೆ. ಸಂಶಯ ಬಂದರೆ ವಿಎಫ್‌ಎಲ್ ಹಾಕಿ ನೋಡಿ.

ಒಟಿಡಿಆರ್ ಈಗಲೇ ನಿಮ್ಮ ಕೈಗೆ ಬರಲಿಕ್ಕಿಲ್ಲ. ಆದರೆ ಅದು ಏನು ಮಾಡುತ್ತದೆ ಅಂತ ಗೊತ್ತಿರಲಿ. ಒಂದು ಕಡೆಯಿಂದ ಬೆಳಕಿನ ಸಣ್ಣ ಮಿಡಿತ ಕಳಿಸಿ, ಹಿಂದಕ್ಕೆ ಬರುವ ಬೆಳಕು ಎಷ್ಟು ಹೊತ್ತಿಗೆ ಬಂತು ಅಂತ ನೋಡುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹಾಗಾಗಿ ಒಂದು ಕಿ.ಮೀ. ಹೋಗಿ ಬರಲು ಸುಮಾರು 10 ಮೈಕ್ರೋಸೆಕೆಂಡ್. ಅದರಿಂದ ದೂರ ಸಿಗುತ್ತದೆ. ಲೈನಿನಲ್ಲಿ ಗಿರಾಕಿಗಳ ಬೆಳಕು ಓಡುತ್ತಿರುವಾಗ ಮಾಮೂಲಿ 1310, 1550ರ ಒಟಿಡಿಆರ್ ಹಾಕಬಾರದು. ಅದಕ್ಕೆ 1625 ಅಥವಾ 1650ರದ್ದು ಬೇರೆ ಇದೆ. ಇನ್ನೊಂದು ಉಪಾಯ: ಬೆಳಕಿಲ್ಲದ ಎಳೆಯನ್ನು 1310ರಲ್ಲೂ 1550ರಲ್ಲೂ ನೋಡಿದಾಗ, ಒಂದು ಜಾಗದಲ್ಲಿ 1550ಕ್ಕೆ ಮಾತ್ರ ಲಾಸ್ ಜಾಸ್ತಿ ಇದ್ದರೆ ಅದು ಬಾಗು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಜಾಯಿಂಟ್ ಅಥವಾ ಕನೆಕ್ಟರ್.

ಒಟಿಡಿಆರ್ ದೂರ ಹೇಳಿತು ಅಂತ ಬೈಕ್ ಮೀಟರ್ ನೋಡಿಕೊಂಡು ಅಷ್ಟೇ ದೂರ ಹೋದರೆ ಜಾಗ ಸಿಗುವುದಿಲ್ಲ. ರಸ್ತೆಗಿಂತ ಕೇಬಲ್ ಉದ್ದ, ಕೇಬಲ್‌ಗಿಂತ ಒಳಗಿನ ಫೈಬರ್ ಇನ್ನೂ ಸ್ವಲ್ಪ ಉದ್ದ. ಕಂಬದಲ್ಲಿ, ಜಾಯಿಂಟ್ ಪೆಟ್ಟಿಗೆಯ ಹತ್ತಿರ ಸುತ್ತಿಟ್ಟ ಹತ್ತು ಹದಿನೈದು ಮೀಟರ್ ಲೂಪ್ ಬೇರೆ. ಇಲ್ಲಿ ನೀವು ಈಗಲೇ ಮಾಡಬಹುದಾದ ಒಂದು ಕೆಲಸ ಇದೆ, ಅದನ್ನು ಮಾಡುವವರು ಕಡಿಮೆ. ಕೇಬಲ್ ಮೇಲೆ ಪ್ರತಿ ಮೀಟರಿಗೆ ನಂಬರ್ ಮುದ್ರಿಸಿರುತ್ತದೆ. ಲೈನ್ ಎಳೆಯುವಾಗ ಪ್ರತಿ ಜಾಯಿಂಟಿನಲ್ಲಿ, ಪ್ರತಿ ಲೂಪಿನ ಆಚೆ ಈಚೆ, ರಸ್ತೆ ದಾಟುವಲ್ಲಿ ಆ ನಂಬರ್ ಒಂದು ಪುಸ್ತಕಕ್ಕೆ ಬರೆಯಿರಿ. ಜಾಗದ ಗುರುತೂ ಬರೆಯಿರಿ: ಕಟ್ಟದ ಬದಿಯ ಕಂಬ, ಭಜನಾ ಮಂದಿರದ ತಿರುವು. ಮುಂದೆ ಒಟಿಡಿಆರ್ 2.34 ಕಿ.ಮೀ. ಅಂತ ತೋರಿಸಿದಾಗ, 2.1ರ ಪೆಟ್ಟಿಗೆಯಿಂದ ಮುಂದೆ 240 ಮೀಟರ್, ಅದರಲ್ಲಿ ಲೂಪಿನ 15 ಕಳೆದು, ಅಡಿಕೆ ತೋಟದೊಳಗೆ ನೇರ ಆ ಜಾಗಕ್ಕೇ ಹೋಗಬಹುದು. ತೆಂಗಿನ ಮಡಲು ಬಿದ್ದಿರುತ್ತದೆ, ಇಲ್ಲ ಅಳಿಲು ಕಡಿದಿರುತ್ತದೆ. ಪೆಟ್ಟಿಗೆಯೊಳಗೆ ಕೆಂಪಿರುವೆ ಗೂಡು ಕಟ್ಟಿ ಎಳೆಗಳನ್ನು ಒತ್ತಿ ಬಾಗಿಸುವುದೂ ನಮ್ಮ ಕಡೆ ಹೊಸತಲ್ಲ. ಜೆಸಿಬಿ ಎಳೆದು ತುಂಡಾದ ಕೇಬಲ್ ಆದರೆ ಇನ್ನೊಂದು ಎಚ್ಚರಿಕೆ ಬೇಕು. ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಆರು ಲೇನ್ ಮಾಡುವ ಕೆಲಸದಲ್ಲಿ ಎಷ್ಟು ಅಗೆದರು ಅಂತ ನೋಡಿದ್ದೀರಲ್ಲ. ಬಕೆಟ್ ಕೇಬಲನ್ನು ಹಿಡಿದೆಳೆದರೆ ತುಂಡಾದ ಜಾಗದಿಂದ ದೂರದಲ್ಲೂ ಒಳಗೆ ಎಳೆ ಮುರಿದಿರಬಹುದು. ಅದಕ್ಕೇ ತುಂಡಿನ ಎರಡೂ ಕಡೆಗೆ ಒಟಿಡಿಆರ್ ಹಾಕಿ ನೋಡಿ, ಆಮೇಲೆ ಜಾಯಿಂಟ್ ಮಾಡಬೇಕು.

ಎಲೆಕ್ಟ್ರಿಷಿಯನ್ ಆದ ನಿಮಗೆ ಕರೆಂಟ್ ಬಗ್ಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಈ ಕೆಲಸದಲ್ಲಿ ಜೀವ ಹೋಗುವುದು ಲೇಸರಿನಿಂದಲ್ಲ, ಕಂಬದಿಂದ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕಂಬ ಹತ್ತುವುದಾದರೆ ಅನುಮತಿ, ಬೆಲ್ಟ್, ಹೆಲ್ಮೆಟ್ ಇಲ್ಲದೆ ಬೇಡ. ಮಳೆಯಲ್ಲಿ ಅಲ್ಯೂಮಿನಿಯಂ ಏಣಿ ಬೇಡ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ ನಿಜ, ಆದರೆ ಡ್ರಾಪ್ ಕೇಬಲ್‌ನ ಕಬ್ಬಿಣದ ತಂತಿಯಲ್ಲಿ ಹರಿಯುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ, ಫೈಬರ್ ಮಾತ್ರ ಒಳಗೆ ತನ್ನಿ. ಎಪ್ರಿಲ್-ಮೇಯಲ್ಲಿ, ಮತ್ತೆ ತುಲಾ ತಿಂಗಳಲ್ಲಿ ಗುಡುಗು ಬರುವಾಗ ಮೋಡೆಮ್‌ನ ಅಡಾಪ್ಟರ್ ಪ್ಲಗ್ ತೆಗೆಯಲು ಮನೆಯವರಿಗೆ ಹೇಳಿ. ಮೋಡೆಮ್ ಸುಡುವುದು ಕರೆಂಟ್ ದಾರಿಯಿಂದ.

ಕೋರ್ಸ್ ಮಾಡಬಹುದು, ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಟೆಲಿಕಾಂ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನಲ್ಲಿ ಆಪ್ಟಿಕಲ್ ಫೈಬರ್ ಸ್ಪ್ಲೈಸರ್, ಆಪ್ಟಿಕಲ್ ಫೈಬರ್ ಟೆಕ್ನಿಷಿಯನ್ ಅಂತ ಎರಡು ಕೋರ್ಸ್ ಇವೆ. ಸೇರುವ ಮೊದಲು ತರಬೇತಿ ಕೇಂದ್ರಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ಒಬ್ಬೊಬ್ಬರ ಕೈಗೂ ಮೆಶಿನ್ ಕೊಡುತ್ತೀರಾ, ಇಲ್ಲ ದೂರದಿಂದ ತೋರಿಸುತ್ತೀರಾ? ಇಂಗ್ಲಿಷ್ ಓದಲು ಕಷ್ಟವಿಲ್ಲದಿದ್ದರೆ ಅಮೆರಿಕದ ಫೈಬರ್ ಆಪ್ಟಿಕ್ ಅಸೋಸಿಯೇಶನ್‌ನ ಉಚಿತ ಪಾಠಗಳು ಆನ್‌ಲೈನ್‌ನಲ್ಲಿವೆ, ಒಳ್ಳೆಯದಿವೆ. ಕೆಲಸಕ್ಕೆ ಬರ ಇಲ್ಲ. 2023ರ ಜೂನ್ 5ರಂದು ಶುರುವಾದ ಕೇರಳ ಸರ್ಕಾರದ ಇಂಟರ್‌ನೆಟ್ ಜಾಲ ಕೆ-ಫೋನ್ ಇದೆ, ಅದರ ಫೈಬರ್ ಹೋಗಿರುವುದು ಕೆಎಸ್‌ಇಬಿಯ ಕಂಬ, ಟವರ್‌ಗಳ ಮೇಲೆ. ಪಂಚಾಯತ್‌ಗಳಿಗೆ ಹೋಗುವ ಭಾರತ್‌ನೆಟ್ ಇದೆ, ಊರೂರಿನ ಆಪರೇಟರ್‌ಗಳಿದ್ದಾರೆ. ಎಲ್ಲರಿಗೂ ಬೇಕಾದದ್ದು ತೊಂದರೆ ಹುಡುಕಬಲ್ಲವರು. ಅಂಥವರಾದ ಮೇಲೆ ಮೆಶಿನ್ ಬಗ್ಗೆ ಯೋಚಿಸಿ. ಆಗ ಅದು ತನ್ನ ಸಾಲವನ್ನು ತಾನೇ ತೀರಿಸುತ್ತದೆ.

ಕೊನೆಗೆ ಕೆಂಪು ಲೈಟ್. ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿ ಮಿನುಗಿದರೆ ಮೋಡೆಮ್‌ಗೆ ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ಮೊದಲು ಅಕ್ಕಪಕ್ಕದ ಮನೆಗೆ ಫೋನ್ ಮಾಡಿ. ಅವರದ್ದೂ ಹೋಗಿದ್ದರೆ ತೊಂದರೆ ಸ್ಪ್ಲಿಟರಿಗಿಂತ ಹಿಂದೆ, ಈ ಮನೆಯಲ್ಲಿ ಏನೂ ಬಿಚ್ಚಬೇಡಿ. ಇವರದ್ದು ಮಾತ್ರ ಆದರೆ ಕನೆಕ್ಟರ್ ತೆಗೆದು, ಒರೆಸಿ, ಮೀಟರ್ ಇಡಿ. ಮೀಟರ್ ಏನೂ ತೋರಿಸದಿದ್ದರೆ ಎಳೆ ಮುರಿದಿದೆ. ಮೈನಸ್ 28, 30 ಅಂತ ತೋರಿಸಿದರೆ ಮುರಿದಿಲ್ಲ, ಬಾಗಿದೆ ಅಥವಾ ಕೊಳೆಯಾಗಿದೆ. ಅಲ್ಲಿಂದ ಕಂಬದ ಪೆಟ್ಟಿಗೆಗೆ ಹೋಗಿ ಅದೇ ಅಳತೆ. ಮೈನಸ್ 18, 20 ಸರಿಯಾಗಿ ಬರುತ್ತಿದ್ದು, ಎಲ್‌ಒಎಸ್ ಆರಿದ್ದು, ಪಾನ್ ದೀಪ ಮಾತ್ರ ಮಿನುಗುತ್ತಿದ್ದರೆ ಫೈಬರ್ ಕಡೆ ಕೈ ಹಾಕಬೇಡಿ. ಆ ಮೋಡೆಮ್ ಓಎಲ್‌ಟಿಯಲ್ಲಿ ರಿಜಿಸ್ಟರ್ ಆಗಿಲ್ಲ, ಅಥವಾ ಜಿಪಾನ್ ಲೈನಿಗೆ ಇಪಾನ್ ಅನ್ನುವ ಬೇರೆ ಪದ್ಧತಿಯ ಮೋಡೆಮ್ ಹಾಕಿದ್ದಾರೆ. ಹಿಂದಿನ ಸ್ಟಿಕ್ಕರ್‌ನ ಸೀರಿಯಲ್ ನಂಬರ್ ಫೋಟೊ ತೆಗೆದು ಆಫೀಸಿಗೆ ಕಳಿಸಿ.